ತೋಟದ ನೆರಳಿನ ಹುಲ್ಲಿಗೂ ಒಂದು ಲೆಕ್ಕ

ಕರಾವಳಿ, ಮಲೆನಾಡಿನ ತೋಟದ ಮನೆಗಳ ಖರ್ಚಿನ ಪುಸ್ತಕ ಬಿಡಿಸಿದರೆ ಎರಡು ಬಾಬತ್ತುಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದು, ಅಡಿಕೆ, ತೆಂಗಿನ ಸಾಲುಗಳ ನಡುವೆ ಎದ್ದ ಹುಲ್ಲು ಸವರಿಸಲು ಕೊಟ್ಟ ಕೂಲಿ ಅಥವಾ ಕಳೆನಾಶಕಕ್ಕೆ ಸುರಿದ ಹಣ. ಇನ್ನೊಂದು, ಹಟ್ಟಿಯಲ್ಲಿರುವ ಒಂದೆರಡು ಹಸುಗಳಿಗಾಗಿ ತಂದ ಒಣಹುಲ್ಲು, ಹಿಂಡಿ, ಪಶು ಆಹಾರದ ಬಿಲ್ಲು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಶೇ 60ರಿಂದ 70ರಷ್ಟು ಮೇವಿಗೇ ಹೋಗುತ್ತದೆ ಎನ್ನುವುದು ಹೈನುಗಾರಿಕೆಯಲ್ಲಿ ಎಲ್ಲರೂ ಒಪ್ಪುವ ಮಾತು. ದೇಶದ ಸಾಗುವಳಿ ಭೂಮಿಯಲ್ಲಿ ಮೇವಿನ ಬೆಳೆಗೆಂದು ಸಿಗುವುದು ಶೇ 4ರ ಆಸುಪಾಸು ಮಾತ್ರ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ತನ್ನ 2050ರ ಮುನ್ನೋಟದಲ್ಲಿ ಹಸಿರು ಮೇವಿನ ಕೊರತೆಯನ್ನು ಶೇ 35.6 ಎಂದು ಅಂದಾಜಿಸಿತ್ತು. ಇಂಥ ಕೊರತೆಯ ನಡುವೆ ಒಂದೇ ಮನೆಯವರು ಒಂದು ಕಡೆ ಹಸಿರನ್ನು ಸುಟ್ಟು, ಇನ್ನೊಂದು ಕಡೆ ಮೇವನ್ನು ಕೊಂಡು ತರುತ್ತಿದ್ದಾರೆ. ಮರಗಳ ನೆರಳಿನಲ್ಲಿ ಬೆಳೆಯುವ ಹುಲ್ಲು, ಬಳ್ಳಿಗಳನ್ನು ದನಗಳಿಗೆ ಹಾಕುವುದು ಲಾಭದ ಕೆಲಸವೇ ಎಂದು ಕೇಳಿದರೆ ಹೌದು ಎನ್ನಬಹುದು. ಆದರೆ ಆ ಹೌದಿಗೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ತೋಟದಿಂದ ಹಟ್ಟಿಗೆ ಹೋದ ಹುಲ್ಲು ಮರ ಕೊಟ್ಟ ಸಾಲ. ಸಗಣಿ, ಗಂಜಲವಾಗಿ ಅದು ಮರದ ಬುಡಕ್ಕೆ ಹಿಂದಿರುಗದಿದ್ದರೆ ಇಂದಿನ ಹಾಲಿನ ಬೆಲೆಯನ್ನು ನಾಳಿನ ಫಸಲು ತೆರಬೇಕಾಗುತ್ತದೆ.

ಮೊದಲು ಜಾಗ ಮತ್ತು ಬೆಳಕಿನ ವಿಚಾರ ನೋಡೋಣ. ತೆಂಗಿನ ಸಸಿಗಳನ್ನು ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 177 ಮರ, ಎಕರೆಗೆ ಸುಮಾರು 70 ಮರ ಹಿಡಿಯುತ್ತವೆ. ತೆಂಗಿನ ಚುರುಕಾದ ಬೇರುಗಳಲ್ಲಿ ಬಹುಪಾಲು ಬುಡದ ಸುತ್ತ ಎರಡು ಮೀಟರಿನೊಳಗೇ ಇರುತ್ತವೆ. ಹಾಗಾಗಿ ತೆಂಗೊಂದೇ ಇರುವ ತೋಟದಲ್ಲಿ ಮರಗಳು ನಿಜವಾಗಿ ಬಳಸುವ ನೆಲ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. ಬೆಳಕು ಮಾತ್ರ ಮರದ ವಯಸ್ಸಿನೊಂದಿಗೆ ಬದಲಾಗುತ್ತದೆ. ಮೊದಲ ಏಳೆಂಟು ವರ್ಷ ನೆಲಕ್ಕೆ ಸಾಕಷ್ಟು ಬಿಸಿಲು ಬೀಳುತ್ತದೆ. ಅಲ್ಲಿಂದ ಇಪ್ಪತ್ತೈದರವರೆಗೆ ಗರಿಗಳು ಒಂದಕ್ಕೊಂದು ಕೂಡಿಕೊಂಡು ನೆಲ ಕತ್ತಲಾಗುತ್ತದೆ. ಆಮೇಲೆ ಮರ ಎತ್ತರವಾದಂತೆ ಬಿಸಿಲು ಓರೆಯಾಗಿ ಮತ್ತೆ ಒಳಗೆ ಇಳಿಯುತ್ತದೆ. ಅಡಿಕೆಯ ಕಥೆ ಬೇರೆ. ಒಂಬತ್ತು ಅಡಿ ಅಂತರದ ತೋಟದಲ್ಲಿ ಹೆಕ್ಟೇರಿಗೆ 1,370ರಷ್ಟು ಮರಗಳಿರುತ್ತವೆ. ಅಲ್ಲಿ ಬಿಸಿಲಿನ ಮೂರನೇ ಒಂದರಿಂದ ಅರ್ಧದಷ್ಟು ಪಾಲು ಮಾತ್ರ ಕೆಳಗಿಳಿಯುತ್ತದೆ. ಆ ಬೆಳಕಿನಲ್ಲೂ ಮೆಣಸು, ಕೋಕೋ, ಬಾಳೆಗಳು ತಮ್ಮ ಪಾಲು ಕೇಳುತ್ತವೆ. ಆದ್ದರಿಂದ ‘ತೋಟದಲ್ಲಿ ಮೇವು’ ಎಂದ ಕೂಡಲೇ ಎಲ್ಲ ತೋಟಗಳನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಎಳೆಯ ತೋಟ, ಹಳೆಯ ತೆಂಗು, ಅಡಿಕೆ ತೋಟದ ಅಂಚು ಮತ್ತು ಬಸಿಗಾಲುವೆಯ ದಡ, ಮೇವಿಗೆ ಒದಗುವ ಜಾಗಗಳು ಇವು.

ಹಳೆಯ ತೆಂಗಿನ ಒಂದೆಕರೆಯನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ಎಪ್ಪತ್ತು ಮರಗಳ ಸುತ್ತ ಎರಡು ಮೀಟರ್ ವೃತ್ತವನ್ನು ಮುಟ್ಟದೆ ಬಿಟ್ಟರೆ ಹೋಗುವುದು 880 ಚದರ ಮೀಟರ್. ಉಳಿಯುವುದು 3,100 ಚದರ ಮೀಟರಿಗಿಂತ ಹೆಚ್ಚು. ದಾರಿ, ಕಾಲುವೆ, ಉದುರಿದ ಗರಿ ಒಟ್ಟುವ ಜಾಗ ಎಂದೆಲ್ಲ ಅರ್ಧ ಕಳೆದರೂ 1,600 ಚದರ ಮೀಟರ್ ಹುಲ್ಲಿಗೆ ಸಿಗುತ್ತದೆ. ಬಯಲಿನಲ್ಲಿ ನೀರು, ಗೊಬ್ಬರ ಚೆನ್ನಾಗಿ ಕೊಟ್ಟ ಹೈಬ್ರಿಡ್ ನೇಪಿಯರ್ ಹೆಕ್ಟೇರಿಗೆ ವರ್ಷಕ್ಕೆ 300 ಟನ್ನಿಗೂ ಮಿಕ್ಕಿ ಹಸಿ ಹುಲ್ಲು ಕೊಡಬಲ್ಲದು. ನೆರಳಿನಲ್ಲಿ ಅದರ ಆರನೇ ಒಂದು ಪಾಲು, ಅಂದರೆ 50 ಟನ್ ಎಂದು ಕೈಬಿಗಿ ಹಿಡಿದೇ ಲೆಕ್ಕ ಮಾಡೋಣ. ಆಗಲೂ ಆ ತುಂಡು ಜಾಗದಿಂದ ವರ್ಷಕ್ಕೆ 8 ಟನ್, ದಿನಕ್ಕೆ ಸುಮಾರು 22 ಕಿಲೋ ಹುಲ್ಲು ಬಂದೀತು. ನಾನೂರು ಕಿಲೋ ತೂಗುವ ಹಸುವಿಗೆ ದಿನಕ್ಕೆ ಬೇಕಾದ ಒಣ ಅಂಶ 10ರಿಂದ 12 ಕಿಲೋ. ಇಪ್ಪತ್ತೆರಡು ಕಿಲೋ ಹಸಿ ಹುಲ್ಲಿನಲ್ಲಿ ಇರುವುದು ನಾಲ್ಕೂವರೆ ಕಿಲೋ ಒಣ ಅಂಶ. ಅಲ್ಲಿಗೆ ಒಂದೆಕರೆ ತೆಂಗಿನ ಕೆಳಗಿನ ಹುಲ್ಲು ಒಂದು ಹಸುವಿನ ಹಸಿರು ಮೇವಿನ ಪಾಲನ್ನು ಹೆಚ್ಚುಕಡಿಮೆ ಪೂರೈಸುತ್ತದೆ. ಒಣಹುಲ್ಲು, ಹಿಂಡಿ ಆಮೇಲೂ ಬೇಕು. ಹತ್ತು ಹಸುಗಳ ಡೇರಿ ಕಟ್ಟುವ ಲೆಕ್ಕ ಇದಲ್ಲ. ಮನೆಯ ಒಂದೆರಡು ಹಸುಗಳನ್ನು ಮಾರದೆ ಉಳಿಸಿಕೊಳ್ಳುವವರಿಗೆ ಹೊಂದುವ ಲೆಕ್ಕ.

ಹೊರದೇಶಗಳ ಅನುಭವವೂ ಇದೇ ದಿಕ್ಕಿನಲ್ಲಿದೆ. ಪೆಸಿಫಿಕ್ ಸಾಗರದ ವನುವಾಟು ಮುಂತಾದ ದ್ವೀಪಗಳ ತೆಂಗಿನ ತೋಟಗಳಿಗೆ ಪ್ಲಾಂಟರುಗಳು ದನ ತಂದದ್ದು ಮಾಂಸದ ಆಸೆಯಿಂದಲ್ಲ. ಹುಲ್ಲು ಎತ್ತರವಾಗಿ ಬೆಳೆದರೆ ಉದುರಿದ ಕಾಯಿ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಮೇಯ್ದು ತಗ್ಗಿಸಲು ದನ ಬೇಕಿತ್ತು. ಕಳೆ ತೆಗೆಯುವ ಆಳಾಗಿ ಬಂದ ದನ ಕಾಲಕ್ರಮದಲ್ಲಿ ಸ್ವತಂತ್ರ ಆದಾಯವಾಯಿತು. ಮಲೇಷ್ಯಾದ ತಾಳೆಎಣ್ಣೆ ತೋಟಗಳಲ್ಲಿ ಬೇಲಿ ಸರಿಸುತ್ತಾ ದನಗಳನ್ನು ಸರದಿಯಂತೆ ಮೇಯಿಸುವ ಪದ್ಧತಿ ಬಹುಕಾಲದಿಂದ ಇದೆ. ಅಲ್ಲಿ ಹೀಗೆ ಮೇಯಿಸಿದ ತೋಟಗಳಲ್ಲಿ ಕಳೆನಾಶಕದ ಬಳಕೆ ಕಡಿಮೆಯಾಗುವುದನ್ನೂ, ಹಕ್ಕಿಗಳ ಬಾಳಿಗೆ ಅದು ಅನುಕೂಲವಾಗುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆದರೆ ತಾಳೆಯ ಗರಿಗಳು ಐದಾರು ವರ್ಷಕ್ಕೆ ಕೂಡಿಕೊಂಡ ಮೇಲೆ ಅಡಿಯ ಹಸಿರು ತೀರಾ ಇಳಿದುಹೋಗಿ, ಒಂದು ದನಕ್ಕೆ ಹಲವು ಎಕರೆ ತೋಟ ಬೇಕಾಗುತ್ತದೆ. 1990ರಲ್ಲಿ ಇಂಡೊನೇಷ್ಯಾದ ಬಾಲಿಯಲ್ಲಿ ತೋಟದ ಬೆಳೆಗಳ ಅಡಿಯ ಮೇವಿನ ಬಗ್ಗೆಯೇ ಒಂದು ಅಂತರರಾಷ್ಟ್ರೀಯ ಕಾರ್ಯಾಗಾರ ನಡೆದಿತ್ತು. ನಮ್ಮಲ್ಲೂ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗು, ಮೇವಿನ ಹುಲ್ಲು, ಹಸು, ಗೋಬರ್ ಗ್ಯಾಸನ್ನು ಒಂದೇ ಹೆಕ್ಟೇರಿನಲ್ಲಿ ಬೆಸೆದ ಮಿಶ್ರ ಬೇಸಾಯದ ಮಾದರಿಯನ್ನು ಬೆಳೆಸಿದೆ. ಇವೆಲ್ಲ ಒಟ್ಟಾಗಿ ಹೇಳುವುದಿಷ್ಟು: ಮೇವು ಎಷ್ಟು ಸಿಗುತ್ತದೆ ಎನ್ನುವುದನ್ನು ಹುಲ್ಲಿನ ತಳಿಗಿಂತ ಹೆಚ್ಚಾಗಿ ತಲೆಯ ಮೇಲಿನ ನೆರಳು ನಿರ್ಧರಿಸುತ್ತದೆ.

ತೋಟಗಾರರ ಮೊದಲ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮರಕ್ಕೆಂದು ಹಾಕಿದ ಗೊಬ್ಬರ, ಬಿಟ್ಟ ನೀರು ಹುಲ್ಲಿನ ಪಾಲಾಗುತ್ತದಲ್ಲ ಎಂದು ಅವರು ಕೇಳುತ್ತಾರೆ. ಖಂಡಿತ ಆಗುತ್ತದೆ, ಅದೂ ಸಣ್ಣ ಪ್ರಮಾಣದಲ್ಲಿ ಅಲ್ಲ. ಒಂದು ಟನ್ ಹಸಿ ಹುಲ್ಲಿನಲ್ಲಿ ಸುಮಾರು 200 ಕಿಲೋ ಒಣ ಅಂಶ ಇರುತ್ತದೆ. ಅದರಲ್ಲಿ ಸಾರಜನಕ ಶೇ 1.5, ಪೊಟ್ಯಾಶಿಯಂ ಶೇ 2 ಎಂದು ಹಿಡಿದರೆ ಪ್ರತಿ ಟನ್ನಿನೊಂದಿಗೆ 3 ಕಿಲೋ ಸಾರಜನಕ, 4 ಕಿಲೋ ಪೊಟ್ಯಾಶಿಯಂ ನೆಲ ಬಿಟ್ಟು ಹೋಗುತ್ತದೆ. ಮೇಲಿನ ಲೆಕ್ಕದ ಎಂಟು ಟನ್ನಿಗೆ 24 ಕಿಲೋ ಸಾರಜನಕವಾಯಿತು. ಫಲ ಕೊಡುವ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಶ್ ಕೊಡಬೇಕೆಂಬುದು ರೂಢಿಯ ಶಿಫಾರಸು. ಅದರ ಪ್ರಕಾರ ಆ ಎಂಟು ಟನ್ ಹುಲ್ಲು 48 ಮರಗಳ ಸಾರಜನಕವನ್ನೂ ಮೂವತ್ತಕ್ಕೂ ಹೆಚ್ಚು ಮರಗಳ ಪೊಟ್ಯಾಶನ್ನೂ ಹೊತ್ತುಕೊಂಡು ಹೋದಂತಾಯಿತು. ಎಕರೆಯಲ್ಲಿರುವುದೇ ಎಪ್ಪತ್ತು ಮರ. ಹುಲ್ಲು ಪುಕ್ಕಟೆ ಸಿಗುತ್ತದೆ ಎಂದುಕೊಂಡು ಕೊಯ್ದು ಪೇಟೆಗೆ ಮಾರುವವರು, ಪಕ್ಕದ ಮನೆಯ ಡೇರಿಗೆ ಕೊಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಅವರು ಹುಲ್ಲಿನ ಹೆಸರಲ್ಲಿ ಮಾರುತ್ತಿರುವುದು ತಮ್ಮ ತೆಂಗಿನ ಗೊಬ್ಬರವನ್ನು.

ಅದೇ ಹುಲ್ಲು ಮನೆಯ ಹಟ್ಟಿಗೇ ಹೋದರೆ ಲೆಕ್ಕ ತಿರುಗುತ್ತದೆ. ಹಸು ತಿಂದ ಸಾರಜನಕದಲ್ಲಿ ಕಾಲು ಭಾಗದಷ್ಟು ಹಾಲಿಗೆ, ಮೈಗೆ ಹೋಗಿ, ಮುಕ್ಕಾಲು ಭಾಗದಷ್ಟು ಸಗಣಿ, ಗಂಜಲವಾಗಿ ಹೊರಬರುತ್ತದೆ. ಪೊಟ್ಯಾಶಿಯಂ ಅಂತೂ ಹತ್ತರಲ್ಲಿ ಎಂಟೊಂಬತ್ತು ಪಾಲು ವಾಪಸ್ಸು ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪೊಟ್ಯಾಶಿಯಂನ ಬಹುಪಾಲು ಇರುವುದು ಸಗಣಿಯಲ್ಲಲ್ಲ, ಗಂಜಲದಲ್ಲಿ. ಸಗಣಿಯನ್ನು ಜೋಪಾನವಾಗಿ ಗುಂಡಿಗೆ ಹಾಕಿ, ಹಟ್ಟಿ ತೊಳೆದ ನೀರನ್ನು ಚರಂಡಿಗೆ ಬಿಡುವ ಮನೆಗಳಲ್ಲಿ ತೆಂಗಿಗೂ ಅಡಿಕೆಗೂ ಅತಿ ಹೆಚ್ಚು ಬೇಕಾದ ಪೋಷಕಾಂಶವೇ ಹರಿದುಹೋಗುತ್ತಿದೆ. ಹಟ್ಟಿಯ ನೆಲಕ್ಕೆ ಇಳಿಜಾರು ಕೊಟ್ಟು, ಗಂಜಲ ಮತ್ತು ತೊಳೆದ ನೀರು ಒಂದು ತೊಟ್ಟಿಗೆ ಸೇರುವಂತೆ ಮಾಡಿ, ಅಲ್ಲಿಂದ ಸ್ಲರಿ ಪಂಪಿನಲ್ಲಿ ಮರದ ಬುಡಕ್ಕೂ ಹುಲ್ಲಿನ ಪಾತಿಗೂ ಹಾಯಿಸಿದಾಗ ಮಾತ್ರ ಸಾಲ ತೀರುತ್ತದೆ. ಮಲೆನಾಡಿಗೆ ಈ ವಿವೇಕ ಹೊಸದೇನಲ್ಲ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಇತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ ತೋಟ ಸೇರುತ್ತಿತ್ತು. ಆ ಸರಪಳಿಯಲ್ಲಿ ದನ ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿ ಇತ್ತು. ಬೆಟ್ಟ ಬೋಳಾಗಿ, ಸೊಪ್ಪು ತರುವ ಕೈಗಳೂ ಇಲ್ಲವಾಗಿ, ಕೊಟ್ಟಿಗೆ ಖಾಲಿಯಾದ ಮೇಲೆ ಸರಪಳಿ ತುಂಡಾಯಿತು. ತೋಟದ ಹುಲ್ಲನ್ನೇ ಮೇವಾಗಿಸುವುದು ಅದನ್ನು ಚಿಕ್ಕದಾಗಿ, ತೋಟದ ಬೇಲಿಯೊಳಗೇ ಮತ್ತೆ ಬೆಸೆಯುವ ಒಂದು ದಾರಿ.

ನೀರಿನ ಪೈಪೋಟಿಗೆ ಉತ್ತರ ಇಷ್ಟು ಸಲೀಸಲ್ಲ. ಬೋರ್‌ವೆಲ್ ಬತ್ತುವ ಊರಿನಲ್ಲಿ, ಬೇಸಿಗೆಯಲ್ಲಿ ಮರಕ್ಕೇ ನೀರು ಸಾಲದಿರುವಾಗ, ನೇಪಿಯರ್‌ನಂಥ ಹೊಟ್ಟೆಬಾಕ ಹುಲ್ಲು ಹಾಕುವುದು ಅವಿವೇಕ. ಅಂಥಲ್ಲಿ ಮಳೆಗಾಲದಲ್ಲಿ ತಾನಾಗಿ ಏಳುವ ಹಸಿರನ್ನಷ್ಟೇ ಬಳಸಿಕೊಂಡು, ಬೇಸಿಗೆಗೆ ನೆಲವನ್ನು ಗರಿ, ಸಿಪ್ಪೆ, ಸೊಪ್ಪಿನಿಂದ ಮುಚ್ಚುವುದು ಲೇಸು. ಹಾಗೆಂದು ನೆಲವನ್ನು ವರ್ಷವಿಡೀ ಬೋಳಾಗಿಟ್ಟರೆ ಉಳಿತಾಯವಾಗುತ್ತದೆ ಎಂದುಕೊಳ್ಳುವುದೂ ತಪ್ಪು. ಕರಾವಳಿಯ ಜಡಿಮಳೆಗೆ ಬೋಳು ನೆಲದ ಮೇಲ್ಮಣ್ಣು ಗೊಬ್ಬರ ಸಮೇತ ಕೊಚ್ಚಿಹೋಗುತ್ತದೆ. ಬೇರೂರಿದ ಹುಲ್ಲು ಅದನ್ನು ಹಿಡಿದಿಡುತ್ತದೆ. ಕಳೆನಾಶಕ ಹೊಡೆದು ಜೂನ್ ತಿಂಗಳಿಗೆ ನೆಲ ಕೆಂಪಾಗಿಸುವವರು ಹುಲ್ಲಿನ ಪೈಪೋಟಿಯಿಂದ ತಪ್ಪಿಸಿಕೊಂಡು ಮಳೆಯ ಕೈಗೆ ಮಣ್ಣು ಕೊಡುತ್ತಿರುತ್ತಾರೆ.

ಎರಡನೆಯ ಆಕ್ಷೇಪ ಹೈನುಗಾರರದು: ನೆರಳಿನ ಹುಲ್ಲು ಬರೀ ನೀರು, ಅದರಲ್ಲಿ ಸತ್ವವಿಲ್ಲ. ಇದು ಅರ್ಧ ನಿಜ. ನೆರಳಿನಲ್ಲಿ ಬೆಳೆದ ಹುಲ್ಲಿನಲ್ಲಿ ನೀರಿನಂಶ ಹೆಚ್ಚು, ಸಕ್ಕರೆಯ ಅಂಶ ಕಡಿಮೆ. ಆದರೆ ಎಲೆಯಲ್ಲಿ ಸಾರಜನಕ, ಅಂದರೆ ಪ್ರೋಟೀನಿನ ಪ್ರಮಾಣ ಬಿಸಿಲಿನ ಹುಲ್ಲಿಗಿಂತ ಸಾಮಾನ್ಯವಾಗಿ ಮೇಲೇ ಇರುತ್ತದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ 3ರಿಂದ 4. ಹದವಾಗಿ ಕೊಯ್ದ ಗಿನಿ ಹುಲ್ಲು, ನೇಪಿಯರ್‌ಗಳಲ್ಲಿ ಶೇ 8ರಿಂದ 10. ಬೇಲಿಗೆ ನೆಟ್ಟ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡದ ಸೊಪ್ಪಿನಲ್ಲಿ ಶೇ 20ಕ್ಕೂ ಹೆಚ್ಚು. ಹಸಿಯೂ ಒಣದೂ ಬೆರೆತಾಗ ಎರಡರ ಕೊರತೆಯೂ ತುಂಬುತ್ತದೆ. ಬೆರೆಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೋಡ ಕವಿದ ದಿನಗಳಲ್ಲಿ, ನೆರಳಿನಲ್ಲಿ, ಯೂರಿಯಾ ಉಂಡ ಎಳೆ ಹುಲ್ಲು ನೈಟ್ರೇಟನ್ನು ತುಂಬಿಕೊಳ್ಳುತ್ತದೆ. ಎಳೆಯ ನೇಪಿಯರ್‌ನಲ್ಲಿ ಆಕ್ಸಲೇಟ್ ಜಾಸ್ತಿಯಿದ್ದು ಹಸುವಿಗೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ. ನಲವತ್ತು, ನಲವತ್ತೈದು ದಿನ ಬಲಿತ ಮೇಲೆ ಕೊಯ್ದು, ಒಣಹುಲ್ಲಿನೊಂದಿಗೆ ಹಾಕಿ, ಖನಿಜ ಮಿಶ್ರಣ ತಪ್ಪದೆ ಕೊಟ್ಟರೆ ಈ ಎರಡೂ ತೊಂದರೆ ಹತೋಟಿಗೆ ಬರುತ್ತವೆ. ದ್ವಿದಳ ಬಳ್ಳಿಗಳು ಜೊತೆಗಿದ್ದರೆ ಮೇವಿಗೂ ಮಣ್ಣಿಗೂ ಒಳ್ಳೆಯದು. ರಬ್ಬರ್ ತೋಟಗಳಲ್ಲಿ ನೆಲ ಹೊದಿಸಲು ಬೆಳೆಸುವ ಪ್ಯುರೇರಿಯಾ ಬಳ್ಳಿಯನ್ನು ದನಗಳು ಇಷ್ಟಪಟ್ಟು ತಿನ್ನುತ್ತವೆ. ಈಚೆಗೆ ಅದರ ಜಾಗಕ್ಕೆ ಬಂದಿರುವ ಮ್ಯುಕುನಾ ಬ್ರಾಕ್ಟಿಯೇಟಾವನ್ನು ದನ ಮೂಸುವುದಿಲ್ಲ. ಹೀಗೆ ದನ ಮುಟ್ಟದಿರುವುದೇ ಅದರ ಗುಣವೆಂದು ಬೆಳೆಗಾರರು ಎಣಿಸುತ್ತಾರೆ. ರಬ್ಬರಿಗೆ ಅದು ಸರಿಯಿರಬಹುದು. ಹಟ್ಟಿಯಲ್ಲಿ ಹಸು ಕಟ್ಟಿಕೊಂಡವರು ನೆಲ ಹೊದಿಸುವ ಮುನ್ನ ಯಾವ ಬಳ್ಳಿ ಎಂದು ವಿಚಾರಿಸಬೇಕು.

ಮರದಡಿಯ ಹಸಿರೆಲ್ಲ ಮೇವಲ್ಲ ಎನ್ನುವುದು ಮೂರನೆಯ ಮಾತು. ಇದಕ್ಕೆ ವಾದದಿಂದ ಉತ್ತರ ಸಿಗುವುದಿಲ್ಲ, ಗಿಡದ ಗುರುತು ಬೇಕು. ಗರಿಕೆ, ನೀರಿನ ಬದಿಯ ಪ್ಯಾರಾ ಹುಲ್ಲು, ಹೊನಗೊನೆ ಸೊಪ್ಪು ಧಾರಾಳವಾಗಿ ಹಾಕಬಹುದಾದವು. ಮುಟ್ಟಿದರೆ ಮುನಿಯಲ್ಲಿ ಮೈಮೋಸಿನ್ ಎಂಬ ವಿಷಾಂಶವಿದೆ. ಹೊರೆಯಲ್ಲಿ ಒಂದಿಷ್ಟು ಬೆರೆತರೆ ಅಡ್ಡಿಯಿಲ್ಲ, ಅದೇ ಮುಖ್ಯ ಮೇವಾಗಬಾರದು. ಲಂಟಾನ ಪಿತ್ತಜನಕಾಂಗವನ್ನು ಕೆಡಿಸಿ, ಬಿಸಿಲಿಗೆ ಚರ್ಮ ಸುಲಿಯುವಂತೆ ಮಾಡುತ್ತದೆ. ಪಾರ್ಥೇನಿಯಂ ಹಾಲನ್ನೇ ಕಹಿ ಮಾಡುತ್ತದೆ. ನೀಲಿ ಹೂವಿನ ಅಜರೇಟಮ್, ಗಿಜಿಗಿಜಿ ಕಾಯಿಯ ಕ್ರೋಟಲೇರಿಯಾ ಜಾತಿಯ ಹಲವು ಗಿಡಗಳು ನಿಧಾನವಾಗಿ ಪಿತ್ತಜನಕಾಂಗ ತಿನ್ನುವ ವಿಷ ಹೊಂದಿವೆ. ಮೇಯಲು ಬಿಟ್ಟ ದನ ಹೊಟ್ಟೆ ತುಂಬಿದ್ದರೆ ಇವುಗಳಲ್ಲಿ ಹೆಚ್ಚಿನವನ್ನು ತಾನೇ ಬಿಟ್ಟುಬಿಡುತ್ತದೆ. ಕತ್ತರಿಸುವ ಯಂತ್ರಕ್ಕೆ ಕೊಟ್ಟು ಎಲ್ಲ ಬೆರೆಸಿ ಗೋದಲಿಗೆ ಸುರಿದಾಗ ಅದಕ್ಕೆ ಆಯ್ಕೆ ಉಳಿಯುವುದಿಲ್ಲ. ಆದ್ದರಿಂದ ಆಯ್ಕೆಯನ್ನು ಕತ್ತಿ ಹಿಡಿದವರೇ ಮಾಡಬೇಕು. ದನ ತಿನ್ನದ ಗಿಡಗಳನ್ನು ಹೂ ಬಿಡುವ ಮುನ್ನ ಕಿತ್ತು ಮರದ ಬುಡಕ್ಕೆ ಮುಚ್ಚಿಗೆಯಾಗಿ ಹಾಕುತ್ತಾ ಬಂದರೆ, ತಿನ್ನುವ ಹುಲ್ಲಿಗೆ ವರ್ಷದಿಂದ ವರ್ಷಕ್ಕೆ ಜಾಗ ಹೆಚ್ಚುತ್ತದೆ.

ಅಡಿಕೆ ತೋಟಕ್ಕೆ ಇದರ ಮೇಲೆ ಇನ್ನೊಂದು ಎಚ್ಚರ ಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಗೊನೆಗೆ ತಾಗದೆ ತೊಟ್ಟಿಕ್ಕಿದ್ದು ಕೆಳಗಿನ ಎಲೆಗಳ ಮೇಲೆ ನೀಲಿ ಕಲೆಯಾಗಿ ಕೂರುತ್ತದೆ. ತಾಮ್ರವನ್ನು ತಾಳಿಕೊಳ್ಳುವ ಶಕ್ತಿ ಕುರಿಗೆ ತೀರಾ ಕಡಿಮೆ, ಕರುವಿಗೂ ಕಡಿಮೆ, ದೊಡ್ಡ ಹಸುವಿಗೆ ತುಸು ಹೆಚ್ಚು. ಆದರೆ ಮೇವಿನೊಂದಿಗೆ ದಿನಾ ಒಳಸೇರುವ ತಾಮ್ರ ಪಿತ್ತಜನಕಾಂಗದಲ್ಲಿ ಸಂಗ್ರಹವಾಗುತ್ತಾ ಹೋಗುತ್ತದೆ. ಮುಂಗಾರಿಗೆ ಮೊದಲ ಸಿಂಪಡಣೆ, ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ನಡೆಯುವುದು ವಾಡಿಕೆ. ಹುಲ್ಲಿನ ಕೊಯ್ಲಿನ ಅಂತರವೂ ಅಷ್ಟೇ ಆಗಿರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಸಿಂಪಡಣೆಯ ಹಿಂದಿನ ದಿನಗಳಲ್ಲಿ ಹುಲ್ಲನ್ನು ಕೊಯ್ದು ಮುಗಿಸಿದರೆ, ಮುಂದಿನ ಕೊಯ್ಲಿಗೆ ಸಿಗುವುದು ಮಳೆಗೆ ತೊಳೆದ, ಹೊಸದಾಗಿ ಚಿಗುರಿದ ಹುಲ್ಲು. ಕಲೆಯಿರುವ ಎಲೆ ಏನಿದ್ದರೂ ಮುಚ್ಚಿಗೆಗೆ ಹೋಗಬೇಕು. ಕಳೆನಾಶಕ ಬಳಸುವ ತೋಟದಲ್ಲಿ ಈ ಹೊಂದಾಣಿಕೆಗೂ ಎಡೆಯಿಲ್ಲ. ಅಲ್ಲಿ ಮೇವಿನ ಮಾತೇ ಬೇಡ. ಮನುಷ್ಯರ ಹೊಟ್ಟೆ ಸೇರಿದರೆ ಪ್ರತಿವಿಷವೇ ಇಲ್ಲದ ಪ್ಯಾರಾಕ್ವಾಟ್‌ನಂಥ ಔಷಧಿ ಹೊಡೆದ ಜಾಗದ ಹುಲ್ಲನ್ನು ಹಸುವಿಗೆ ಹಾಕುವ ಯೋಚನೆಯೂ ಸಲ್ಲ.

ಕೆಲಸಕ್ಕೆ ಜನ ಎಲ್ಲಿದ್ದಾರೆ ಎನ್ನುವುದು ಕೊನೆಯ, ಬಹುಶಃ ಅತ್ಯಂತ ಗಟ್ಟಿಯಾದ ಆಕ್ಷೇಪ. ಹನಿ ನೀರಾವರಿಯ ಪೈಪು, ಮೆಣಸಿನ ಬಳ್ಳಿ, ಕೋಕೋ ಗಿಡ ಇರುವ ಅಡಿಕೆ ತೋಟಕ್ಕೆ ದನ ಬಿಡುವಂತಿಲ್ಲ. ಕೊಯ್ದು ತಂದೇ ಹಾಕಬೇಕು. ದಿನಕ್ಕೊಂದು ಹೊರೆ ಹುಲ್ಲು ಎಂದರೆ ಮನೆಯ ಹೆಣ್ಣುಮಕ್ಕಳ ತಲೆಗೇ ಬೀಳುವ ಭಾರ ಎಂಬುದನ್ನೂ ಮರೆಯಬಾರದು. ಆದರೆ ಹುಲ್ಲು ಸವರುವ ಕೆಲಸ ಹೇಗೂ ಇದೆ. ಹೊಸದಾಗಿ ಸೇರುವುದು ಅದನ್ನು ಒಟ್ಟುಮಾಡಿ ಹಟ್ಟಿಗೆ ಸಾಗಿಸುವ ಶ್ರಮ. ಅದನ್ನು ತಗ್ಗಿಸಲು ಮೇವಿನ ಹುಲ್ಲನ್ನು ತೋಟದ ತುಂಬ ಹರಡದೆ ಹಟ್ಟಿಗೆ ಹತ್ತಿರದ ಸಾಲುಗಳಲ್ಲಿ, ಕೈಗಾಡಿ ಓಡಾಡುವ ದಾರಿಯ ಬದಿಯಲ್ಲಿ ನೆಡಬೇಕು. ಕಳೆ ಕೊಚ್ಚುವ ಯಂತ್ರ ಬಳಸುವುದಾದರೆ ನೈಲಾನ್ ದಾರ ಬಿಟ್ಟು ಬ್ಲೇಡು ಹಾಕಿಕೊಳ್ಳಬೇಕು. ದಾರವು ಹುಲ್ಲನ್ನು ನುಚ್ಚುನೂರು ಮಾಡಿ, ಮಣ್ಣು ಎರಚಿ, ತನ್ನದೇ ಚೂರುಗಳನ್ನೂ ಸೇರಿಸಿ ಮೇವನ್ನು ಕೆಡಿಸುತ್ತದೆ. ಬ್ಲೇಡು ಬುಡದಿಂದ ನಾಲ್ಕು ಬೆರಳು ಮೇಲೆ ಕೊಯ್ದು ಸಾಲಾಗಿ ಮಲಗಿಸುತ್ತದೆ. ಇಷ್ಟಾದರೂ ಹಸು ಸಾಕುವ ಮನಸ್ಸೇ ಇಲ್ಲದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವರು ಹುಲ್ಲನ್ನು ಸವರಿ ಅಲ್ಲೇ ಬಿಡುವುದು ತೋಟಕ್ಕೆ ಮಾಡುವ ಉಪಕಾರ.

ತೋಟದ ಬೇಲಿಯಾಚೆಗೂ ಇದರ ಫಲವಿದೆ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಬೆಟ್ಟ, ಬ್ಯಾಣಗಳ ಹುಲ್ಲು ಒಣಗುತ್ತದೆ. ಹಸಿರು ಹುಡುಕಿಕೊಂಡು ದನ ಕಾಡಿಗೆ ಹೋಗುತ್ತವೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವ ಕಾಲವೂ ಅದೇ. ಅದರ ವೈರಾಣುವನ್ನು ಹೊತ್ತ ಉಣುಗುಗಳು ಬೆಳೆದ ಮೇಲೆ ದನಗಳ ರಕ್ತ ಹೀರಿ ಸಂತಾನ ಹೆಚ್ಚಿಸಿಕೊಳ್ಳುತ್ತವೆ. ಅದೇ ತಿಂಗಳುಗಳಲ್ಲಿ ಅಡಿಕೆ, ತೆಂಗಿಗೆ ನೀರು ಬಿಡುವುದರಿಂದ ತೋಟದ ಹುಲ್ಲು ಹಸಿರಾಗಿರುತ್ತದೆ. ಅದನ್ನು ಬೇಸಿಗೆಗೆ ಮೀಸಲಿಟ್ಟು ದನಗಳನ್ನು ಕಟ್ಟಿ ಮೇಯಿಸಿದರೆ ರೋಗ ನಿಂತುಹೋಗದು, ಆದರೆ ಕಾಡಿಗೂ ಹಟ್ಟಿಗೂ ನಡುವಿನ ಒಂದು ಹಾದಿ ಕಡಿಮೆಯಾಗುತ್ತದೆ.

ಇಲಾಖೆಗಳ ಕೆಲಸ ಹಂಚಿಹೋಗಿರುವ ರೀತಿಯೇ ಈ ಮೇವನ್ನು ಕಣ್ಮರೆ ಮಾಡಿದೆ. ತೋಟಗಾರಿಕೆಯವರು ಮರ ಎಣಿಸುತ್ತಾರೆ, ಪಶುಪಾಲನೆಯವರು ದನ ಎಣಿಸುತ್ತಾರೆ, ಹಾಲು ಒಕ್ಕೂಟ ಲೀಟರು ಎಣಿಸುತ್ತದೆ. ನಡುವೆ ಬೆಳೆಯುವ ಹುಲ್ಲು ಯಾರ ಕಡತದಲ್ಲೂ ಇಲ್ಲ. ಮೇವಿನ ಬೀಜ, ನಾಟಿ ಕಡ್ಡಿಗಳನ್ನು ಬಯಲಿನ ಇಳುವರಿ ನೋಡಿ ಹಂಚುವ ಬದಲು ನೆರಳಿಗೆ ಒಗ್ಗುವ ಗಿನಿಯಂಥ ಹುಲ್ಲನ್ನು ತೋಟದವರಿಗೆ ಕೊಡುವುದು, ಗಂಜಲದ ತೊಟ್ಟಿಗೂ ಸ್ಲರಿ ಪಂಪಿಗೂ ಸಹಾಯಧನ ಸೇರಿಸುವುದು ದೊಡ್ಡ ಖರ್ಚಿನ ಯೋಜನೆಗಳಲ್ಲ. ರೈತರ ಮಟ್ಟಿಗೆ ಹೇಳುವುದಾದರೆ ಕೆಲಸದ ಕ್ರಮವನ್ನು ತಿರುಗಿಸಿ ಹಿಡಿಯಬೇಕು. ಸಾಮಾನ್ಯವಾಗಿ ಮೊದಲು ಹುಲ್ಲು ನೆಡುತ್ತೇವೆ, ಗೊಬ್ಬರದ ಯೋಚನೆ ಆಮೇಲೆ. ಇಲ್ಲಿ ಹಟ್ಟಿಯ ನೆಲ, ತೊಟ್ಟಿ, ಮರದ ಬುಡಕ್ಕೆ ಸ್ಲರಿ ಹರಿಯುವ ಪೈಪು ಮೊದಲು ಸಿದ್ಧವಾಗಬೇಕು. ಅದು ಸಿದ್ಧವಿರುವ ತೋಟದಲ್ಲಿ ಕಳೆಯೆಂದು ದೂಡಿದ ಹುಲ್ಲು ಹಾಲನ್ನೂ ಕೊಟ್ಟು, ಕಾಯಿಯನ್ನೂ ಕಾಯುತ್ತದೆ. ಅದಿಲ್ಲದ ತೋಟದಲ್ಲಿ ಹುಲ್ಲಿಗೆ ಕತ್ತಿ ಹಾಕುವುದನ್ನು ಇನ್ನೊಂದು ವರ್ಷ ಮುಂದೂಡಿದರೂ ನಷ್ಟವಿಲ್ಲ.